ವಿಪ್ ಮಹಾತ್ಮೆ

ಇಂಗ್ಲಿಷರ ‘ವಿಪ್’ಗೆ, ಅಂದರೆ ಚಾಟಿಗೆ, ಬೆನ್ನೇ ಬೇಕೆಂದಿಲ್ಲ. ಬೇಕರಿಯಲ್ಲಿ ಅದು ಕ್ರೀಮಿಗೆ ನೊರೆ ಬರಿಸುತ್ತದೆ. ನರಿ ಬೇಟೆಯಲ್ಲಿ ಗುಂಪು ಬಿಟ್ಟ ನಾಯಿಗಳನ್ನು ಸಾಲಿಗೆ ತರುವ ಆಳು ‘ವಿಪ್ಪರ್-ಇನ್’. ಆ ಹೆಸರೇ ಬೇಟೆಯ ಬಯಲಿನಿಂದ ಬ್ರಿಟನ್ನಿನ ಪಾರ್ಲಿಮೆಂಟಿಗೆ ನಡೆದುಬಂದು, ಸದಸ್ಯರನ್ನು ಮತದಾನಕ್ಕೆ ಅಟ್ಟುವ ಸಚೇತಕನಿಗೆ ಅಂಟಿಕೊಂಡಿತು. ಅಲ್ಲಿ ಆ ಮನುಷ್ಯನೂ ವಿಪ್, ಅವನು ಕಳಿಸುವ ಕಾಗದವೂ ವಿಪ್, ಸದನದಲ್ಲಿ ಪಕ್ಷದವನೆಂಬ ಮಾನ್ಯತೆಯೂ ವಿಪ್. ಕಾಗದದಲ್ಲಿ ವಿಷಯದ ಕೆಳಗೆ ಮೂರು ಗೆರೆ ಎಳೆದಿದ್ದರೆ ಬಂದು ಹೇಳಿದಂತೆ ಮತ ಹಾಕಲೇಬೇಕು. ಹಾಕದಿದ್ದರೆ? 2019ರ ಸೆಪ್ಟೆಂಬರಿನಲ್ಲಿ ಬ್ರೆಕ್ಸಿಟ್ ವಿಚಾರವಾಗಿ ತಿರುಗಿಬಿದ್ದ 21 ಕನ್ಸರ್ವೇಟಿವ್ ಸಂಸದರಿಂದ ವಿಪ್ ಹಿಂಪಡೆಯಲಾಯಿತು. ಚರ್ಚಿಲ್ಲರ ಮೊಮ್ಮಗನನ್ನೂ ಬಿಡಲಿಲ್ಲ. ಚಾಟಿ ಕಿತ್ತುಕೊಳ್ಳುವುದೇ ಅಲ್ಲಿ ಶಿಕ್ಷೆ! ಪಕ್ಷ ಕೈಬಿಟ್ಟರೂ ಸಂಸದರ ಕುರ್ಚಿ ಉಳಿಯಿತು.

ನಮ್ಮಲ್ಲಿ ಕುರ್ಚಿಯೇ ಹೋಗುತ್ತದೆ. ಸಂವಿಧಾನಕ್ಕೆ 1985ರ 52ನೇ ತಿದ್ದುಪಡಿ ತಂದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನ ಮೀರಿ ಮತ ಹಾಕಿದವನನ್ನೂ ಮತದಾನಕ್ಕೆ ಗೈರಾದವನನ್ನೂ ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಅವನು ಅನರ್ಹನಾಗುತ್ತಾನೆ. ತಮಾಷೆಯೆಂದರೆ ಆ ಅನುಸೂಚಿಯಲ್ಲಿ ‘ವಿಪ್’ ಎಂಬ ಮಾತೇ ಇಲ್ಲ. ಮಾತು ಸಿಗುವುದು ಸಂಸತ್ತಿನ ಮುಖ್ಯ ಸಚೇತಕರಿಗೆ ಟೆಲಿಫೋನಿನಂಥ ಸೌಲಭ್ಯ ಕೊಡುವ 1998ರ ಕಾಯ್ದೆಯಲ್ಲಿ. ಏಟು ಹಾಕುವಾಗ ಅನಾಮಿಕ, ಫೋನಿಗೆ ಮಾತ್ರ ನಾಮಧೇಯ.

ಚಾಟಿ ಇಲ್ಲದಿದ್ದರೆ ಸರ್ಕಾರ ನಿಂತೀತೇ ಎಂದು ಕೇಳುವವರಿದ್ದಾರೆ. 1967ರಲ್ಲಿ ಹರಿಯಾಣದ ಗಯಾ ಲಾಲ್ ಪಕ್ಷದಿಂದ ಪಕ್ಷಕ್ಕೆ ಜಿಗಿದು ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತಿಗೆ ಕಾರಣರಾದದ್ದು ಸುಳ್ಳಲ್ಲ. ಆದರೆ 2019ರ ಕರ್ನಾಟಕವನ್ನು ನೋಡಿ. ವಿಪ್ ಇತ್ತು, ಕಾನೂನಿತ್ತು. ಆಳುವ ಮೈತ್ರಿಯ ಬಂಡಾಯ ಶಾಸಕರು ಮಾತ್ರ ಮುಂಬೈ ಹೋಟೆಲಿನಲ್ಲಿದ್ದರು. ರಾಜೀನಾಮೆ ಕೊಟ್ಟವರನ್ನು ಸದನಕ್ಕೆ ಬರುವಂತೆ ಬಲವಂತಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 17ರಂದು ಹೇಳಿತು. 23ರಂದು ವಿಶ್ವಾಸಮತದಲ್ಲಿ 99–105ರಿಂದ ಮೈತ್ರಿ ಸರ್ಕಾರ ಬಿತ್ತು. ಅನರ್ಹರೆನಿಸಿ ಡಿಸೆಂಬರಿನ ಉಪಚುನಾವಣೆಗೆ ನಿಂತವರಲ್ಲಿ ಬಹುಪಾಲು ಮಂದಿ ಗೆದ್ದೇ ಬಂದರು. ಹೊರಟವರಿಗೆ ತಾಗದ ಏಟು ಉಳಿದವರಿಗೆ ತಾಗುತ್ತದೆ: ಪಕ್ಷದಲ್ಲೇ ಇದ್ದು ಒಂದು ಮಸೂದೆಗೆ ಮಾತ್ರ ‘ಒಲ್ಲೆ’ ಎನ್ನಬಯಸುವವನು ಬಾಯಿ ಹೊಲಿದುಕೊಳ್ಳಬೇಕು. ಹಾಗೆಂದು ಚಾಟಿಯನ್ನು ಸುಡಬೇಕಿಲ್ಲ. ವಿಶ್ವಾಸಮತದಂಥ ಅಳಿವು ಉಳಿವಿನ ಪ್ರಶ್ನೆಯಲ್ಲಿ ಪಕ್ಷದ ಮಾತು ಮೀರಿದವರಿಗಷ್ಟೇ ಈ ಶಿಕ್ಷೆ ಸಾಕೆಂದು ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಮಿಕ್ಕ ಮಸೂದೆಗಳಿಗೆ ಪಕ್ಷಗಳು, ಪಾಪ, ತಮ್ಮವರನ್ನೇ ವಾದಿಸಿ ಒಪ್ಪಿಸಬೇಕಾದೀತು. ಕಷ್ಟವೇ, ಆದರೆ ಆ ಕಷ್ಟ ಪಡಲೆಂದೇ ತಾನೇ ಸದನ ಕಟ್ಟಿಸಿರುವುದು?