ಜೇಬಿಲ್ಲದ ಪಂಚೆ

ಪಂಚೆಗೆ ಜೇಬಿರುವುದಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸಂಗತಿ ನನಗೆ ನಿಜವಾಗಿ ಅರ್ಥವಾದದ್ದು ಕಳೆದ ಜೂನ್‌ನಲ್ಲಿ, ನ್ಯೂಜೆರ್ಸಿಯ ಮರ್ಸರ್ ಕೌಂಟಿ ಪಾರ್ಕಿನಲ್ಲಿ, ಮಧ್ಯಾಹ್ನ ಒಂದು ಗಂಟೆಗೆ.

ಅವತ್ತು ನಮ್ಮ ಕನ್ನಡದವರ ವನಭೋಜನ. ಗಂಡಸರೆಲ್ಲ ಪಂಚೆ ಉಟ್ಟು ಬರಬೇಕು ಎಂದು ಯಾರೋ ಹೇಳಿದರು, ಯಾರೂ ಬೇಡ ಅನ್ನಲಿಲ್ಲ, ಅದೇ ನಿಯಮವಾಗಿಬಿಟ್ಟಿತು. ಹೇಳಿದ ಮಹಾನುಭಾವರು ಮಾತ್ರ ಜೀನ್ಸ್ ಹಾಕಿಕೊಂಡು ಬಂದಿದ್ದರು, ಆ ಮಾತು ಬಿಡಿ. ವೆಲ್ಕ್ರೋ ಅಂಟಿಸುವ, ಜೇಬಿರುವ ಪಂಚೆ ಬೆಂಗಳೂರಲ್ಲಿ ಸಿಗುತ್ತೆ, ತರಿಸಿಕೊಳ್ಳಿ ಅಂತ ನನ್ನವಳು ಮೊದಲೇ ಹೇಳಿದ್ದಳು. "ನಮ್ಮ ತಾತ ವೆಲ್ಕ್ರೋ ಹಾಕ್ತಿದ್ರಾ?" ಎಂದು ಗದರಿದ್ದೆ. ತಾತ ಕಾರನ್ನೂ ಓಡಿಸುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅರವತ್ತು ಜನರ ಬಿಸಿಬೇಳೆ ಬಾತ್ ನಮ್ಮ ಮನೆಯ ಪಾಲಿಗೆ ಬಂದಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಒಲೆ ಹಚ್ಚಿದ್ದಳು. ಎರಡು ಕೊಳದಪ್ಪಲೆ ಬಾತ್, ಒಂದು ಪಾತ್ರೆ ಮೊಸರನ್ನ, ಮೇಲೆ ಏಳು ಸ್ಟೀಲ್ ಡಬ್ಬಿ. ಈ ಡಬ್ಬಿಗಳ ವಿಷಯ ಸ್ವಲ್ಪ ಹೇಳಬೇಕು. ವಿಮಾನದವರು ಕೊಡುವ ತೂಕದಲ್ಲಿ ಅಮ್ಮ ತನ್ನ ಸೀರೆಗಳನ್ನು ಬಿಟ್ಟು ತಂದದ್ದು ಇವನ್ನೇ. ಒಂದೊಂದರ ತಳದಲ್ಲೂ ಪಾತ್ರೆ ಅಂಗಡಿಯವನ ಗರ್ ಎನ್ನುವ ಸೂಜಿಯಿಂದ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಕ್ಷರ: ಅಪ್ಪನ ಹೆಸರು, ಕೆಳಗೆ 'ಗೃಹಪ್ರವೇಶ 1994'. ಮುಚ್ಚಳ ಎಷ್ಟು ಬಿಗಿ ಎಂದರೆ ಚಮಚದ ಹಿಡಿಯಿಂದ ಮೀಟಬೇಕು. ಮೀಟಿದಾಗ ಟಪ್ ಎಂದು ಗಾಳಿ ಬಿಟ್ಟ ಹಾಗೆ ಸದ್ದಾಗುತ್ತದೆ. ಊರಿನ ಮನೆಯಲ್ಲಿ ಬೀರುವಿನ ಬೀಗದ ಕೈ, ಹಾಲಿನವನ ಲೆಕ್ಕದ ಚೀಟಿ, ನಮ್ಮಪ್ಪನಿಗೆ ತಿಳಿಯದ ದುಡ್ಡು, ಎಲ್ಲ ಇರುತ್ತಿದ್ದದ್ದು ಇಂಥ ಡಬ್ಬಿಗಳಲ್ಲೇ. ಸಾಸಿವೆ ಡಬ್ಬಿ ಅಮ್ಮನ ಬ್ಯಾಂಕು.

ಹನ್ನೊಂದಕ್ಕೆ ಪಾರ್ಕ್ ತಲುಪಿದೆವು. ಇಳಿದ ತಕ್ಷಣ ರಿಮೋಟಿನಿಂದ ಬಾಗಿಲುಗಳಿಗೆ ಬೀಗ ಹಾಕಿ, ವ್ಯಾನಿನ ಹಿಂಬಾಗಿಲು ತೆಗೆದು, ಕುರ್ಚಿ ಚಾಪೆ ಇಳಿಸಿದೆವು. ಊಟಕ್ಕೆ ಇನ್ನೂ ಎರಡು ಗಂಟೆ ಇದ್ದದ್ದರಿಂದ ಅಡುಗೆ ವ್ಯಾನಿನಲ್ಲೇ ಇರಲಿ, ಬಿಸಿಯಾಗಿಯೂ ಇರುತ್ತೆ, ಬಾತುಗಳ ಕಾಟವೂ ಇರುವುದಿಲ್ಲ ಎಂದುಕೊಂಡೆವು. (ಇಲ್ಲಿನ ಕೆನಡಾ ಬಾತುಕೋಳಿಗಳಿಗೆ ಬಿಸಿಬೇಳೆ ಬಾತಿನ ಮೇಲೆ ಏನೋ ಹೆಸರಿನ ಸಲುಗೆ.) ಅಷ್ಟರಲ್ಲಿ ನನ್ನ ಪಂಚೆ ಸಡಿಲವಾಯಿತು. ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟು, ಸುತ್ತಮುತ್ತ ನೋಡಿ, ಬಿಗಿಯಾಗಿ ಉಟ್ಟೆ. ಹಿಂಬಾಗಿಲ ಗುಂಡಿ ಒತ್ತಿದೆ. ಅದು ಕಿಣಿಕಿಣಿ ಎನ್ನುತ್ತ ತಾನೇ ಇಳಿದು ಮುಚ್ಚಿಕೊಂಡಿತು. ಲಗೋರಿಗೆ ಹೋದೆ.

ಒಂದು ಗಂಟೆಗೆ ಎಲ್ಲರೂ ತಟ್ಟೆ ಹಿಡಿದು ಬಂದು ನಿಂತರು. ಹಿಡಿ ಎಳೆದೆ, ತೆಗೆಯಲಿಲ್ಲ. ಸೊಂಟ ಮುಟ್ಟಿ ನೋಡಿಕೊಂಡೆ. ಸೊಂಟವಿತ್ತು.

"ಒಳಗೇ ಬಿಟ್ಟಿರ್ತೀರಿ," ಎಂದಳು ನನ್ನವಳು.

ನಾನು ನಕ್ಕೆ. ಈಗ ನೆನೆದರೆ ಮೈ ಜುಮ್ಮೆನ್ನುವಂಥ ನಗು ಅದು. ಈ ಕಾಲದ ಕಾರು ಕೀಯನ್ನು ಒಳಗಿಟ್ಟುಕೊಂಡು ಬೀಗ ಹಾಕಿಕೊಳ್ಳುವುದೇ ಇಲ್ಲ ಎಂದು ಅಷ್ಟೂ ಜನರಿಗೆ ಪಾಠ ಮಾಡಿದೆ. ಬಾಗಿಲು ಮುಚ್ಚುವಾಗ ಕಾರು ಸಣ್ಣದೊಂದು ರೇಡಿಯೋ ಕೂಗು ಹಾಕುತ್ತದೆ. ಕೀ ಒಳಗಿದ್ದರೆ 'ಇದ್ದೇನೆ' ಎಂದು 315 ಮೆಗಾಹರ್ಟ್ಸ್‌ನಲ್ಲಿ ಓಗೊಡುತ್ತದೆ. ಆಗ ಕಾರು ಕೀಂಕ್ ಎಂದು ಬಾಗಿಲು ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟಿಲ್ಲ, ಆದ್ದರಿಂದ ಕೀ ಒಳಗಿಲ್ಲ. ಹುಲ್ಲಿನಲ್ಲಿ ಎಲ್ಲೋ ಬಿದ್ದಿದೆ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಎಂಜಿನಿಯರುಗಳಾದ್ದರಿಂದ ಎಲ್ಲರೂ ತಲೆದೂಗಿ, ಪಂಚೆ ಮೇಲೆ ಕಟ್ಟಿ, 2,500 ಎಕರೆಯ ಪಾರ್ಕಿನಲ್ಲಿ ಬಗ್ಗಿ ಬಗ್ಗಿ ಹುಡುಕತೊಡಗಿದರು. ನಾಟಿಗೆ ಬಂದ ಆಳುಗಳ ಹಾಗೆ ಸಾಲಾಗಿ ಸಾಗಿದ ಇವರನ್ನು ನೋಡಿ, ನಾಯಿ ಅಡ್ಡಾಡಿಸುತ್ತಿದ್ದ ಒಬ್ಬಾಕೆ, ಇದು ನಿಮ್ಮ ಹಬ್ಬವೇ ಎಂದು ಕೇಳಿದಳು. ಹೌದು ಎಂದೆ.

ಮುಕ್ಕಾಲು ಗಂಟೆಗೆ ತರ್ಕ ಸೋತು ಹಸಿವು ಗೆದ್ದಿತು. ಗಾಜಿನ ಒಳಗೆ ಕೊಳದಪ್ಪಲೆಗಳು ಕಾಣುತ್ತಿದ್ದವು. ಎರಡನೆಯ ಕೀ ಎಲ್ಲಿ ಎಂದು ಯಾರೋ ಕೇಳಿದರು. ಅದು ಮಗನ ಹತ್ತಿರ, ಮಗ ಪಿಟ್ಸ್‌ಬರ್ಗಿನ ಕಾಲೇಜಿನಲ್ಲಿ. ಫೋನಿನ ಆ್ಯಪ್‌ನಿಂದ ತೆಗೆಯಬಹುದಲ್ಲ? ಆ್ಯಪಿನ ಉಚಿತ ಅವಧಿ ಮುಗಿದಾಗ ಬಿಡಿಗಾಸೂ ಕೊಡುವುದಿಲ್ಲ ಎಂದು ನಿಲ್ಲಿಸಿದ್ದೆ. ಇನ್ನು ಫೋನು, ಪಂಚೆಗೆ ಜೇಬಿಲ್ಲದ ಕಾರಣ, ವ್ಯಾನಿನಲ್ಲೇ ಇತ್ತು.

ಮುಂದೆ ಕರ್ನಾಟಕದ ಎಲ್ಲ ಜಿಲ್ಲೆಗಳ ಸಲಹೆಯೂ ಬಂತು. ಹಾಸನದವರೊಬ್ಬರು ತಮ್ಮ ಕಾರಿನಿಂದ ಲಾಂಡ್ರಿಯ ತಂತಿ ಹ್ಯಾಂಗರ್ ತಂದು ನೇರ ಮಾಡಿದರು. ಅವರ ಚಿಕ್ಕಪ್ಪನ ಅಂಬಾಸಿಡರ್ ಒಂದು ಅಡಿಯ ಸ್ಕೇಲಿಗೇ ತೆಗೆದುಕೊಳ್ಳುತ್ತಿತ್ತಂತೆ, ಒಮ್ಮೊಮ್ಮೆ ಗದರಿದರೂ ಸಾಕಾಗುತ್ತಿತ್ತಂತೆ. ಮಂಗಳೂರಿನವರು, "ತಂತಿ ಹಾಕ್ಬೇಡಿ ಮಾರಾಯ್ರೇ, ಬಾಗಿಲೊಳಗೆ ಏರ್‌ಬ್ಯಾಗಿನ ವೈರು ಉಂಟು," ಎಂದು ತಡೆದರು. ಅದು ಸರಿಯಾದ ಮಾತು. ದಾವಣಗೆರೆಯವರು ವಾಟ್ಸಾಪ್ ವಿಡಿಯೋ ನೋಡಿದ್ದರು: ಟೆನಿಸ್ ಚೆಂಡಿಗೆ ತೂತು ಕೊರೆದು ಬೀಗದ ಕಿಂಡಿಗೆ ಒತ್ತಿ ಹಿಚುಕಿದರೆ ಗಾಳಿಯ ಒತ್ತಡಕ್ಕೆ ಬಾಗಿಲು ತೆಗೆಯುತ್ತದೆ. ಲಗೋರಿಯ ಒಂದೇ ಒಂದು ಚೆಂಡು ಇದಕ್ಕೆ ಬಲಿಯಾಯಿತು. ಬಾಗಿಲು ತೆಗೆಯಲಿಲ್ಲ, ಮಕ್ಕಳು ಅಳುವುದಕ್ಕೆ ಶುರುಮಾಡಿದರು. ಈ ಚೆಂಡಿನ ಉಪಾಯ ಸುಳ್ಳೆಂದು 'ಮಿತ್‌ಬಸ್ಟರ್ಸ್' ಟೀವಿ ಕಾರ್ಯಕ್ರಮದವರು ಎಂದೋ ಮಾಡಿ ತೋರಿಸಿದ್ದಾರೆಂದು ಆಮೇಲೆ ತಿಳಿಯಿತು.

"ಏ, ಹಿಂದಿನ ಸಣ್ಣ ಗಾಜ್ ಒಡದ್ ಬಿಡ್ರೀ, ಅದೇನ್ ಭಾಳ ಆಗಂಗಿಲ್ಲ," ಎಂದರು ಧಾರವಾಡದವರು. ಸಣ್ಣ ಗಾಜು ಅಗ್ಗ ಎಂದೇ ಎಲ್ಲರೂ ತಿಳಿದಿರುತ್ತಾರೆ. ಎಷ್ಟೋ ಕಾರುಗಳಲ್ಲಿ ದೊಡ್ಡ ಗಾಜಿಗಿಂತ ಅದೇ ದುಬಾರಿ. ಆದರೂ ಅವರು ಒಂದು ಕಲ್ಲು ಆರಿಸಿ ಇಟ್ಟುಕೊಂಡಿದ್ದರು.

ಕೊನೆಗೆ ನನ್ನವಳು ತನ್ನ ಕೈಚೀಲದಿಂದ ಫೋನು ತೆಗೆದು, ವರ್ಷ ವರ್ಷವೂ 'ದಂಡದ ಖರ್ಚು' ಎಂದು ನಾನು ಗೊಣಗುವ ರಸ್ತೆ ನೆರವಿನ ಸದಸ್ಯತ್ವದ ನಂಬರಿಗೆ ಮಾತಾಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿಯಾಯಿತು.

ಐವತ್ತು ನಿಮಿಷಕ್ಕೆ ಒಬ್ಬ ಹುಡುಗ ಬಂದ. ಮೊದಲು ಗುರುತಿನ ಚೀಟಿ ಕೇಳಿ, ಅವಳ ಲೈಸೆನ್ಸ್ ನೋಡಿದ. ಬಾಗಿಲ ಮೇಲಂಚಿನ ಸಂದಿಗೆ ಪ್ಲಾಸ್ಟಿಕ್ಕಿನ ಬೆಣೆ ಸಿಕ್ಕಿಸಿ, ಪಕ್ಕದಲ್ಲಿ ಚಪ್ಪಟೆಯ ಕಪ್ಪು ಚೀಲವೊಂದನ್ನು ತೂರಿಸಿ, ಡಾಕ್ಟರು ಬಿಪಿ ನೋಡುವಾಗ ಒತ್ತುತ್ತಾರಲ್ಲ, ಅಂಥದೇ ರಬ್ಬರ್ ಬುರುಡೆಯನ್ನು ಪುಸಪುಸ ಒತ್ತಿದ. ಚೀಲ ಉಬ್ಬಿತು. ಬಾಗಿಲು ಒಂದು ಬೆರಳಷ್ಟು ಬಾಯಿಬಿಟ್ಟಿತು. ಅದರೊಳಗೆ ಉದ್ದನೆಯ ಸಲಾಕೆ ಇಳಿಸಿ, ನಾಲಿಗೆ ಕಚ್ಚಿಕೊಂಡು, ಒಳಗಿನ ಹಿಡಿಯನ್ನು ಎಳೆದ. ಹೆಚ್ಚೆಂದರೆ ಎರಡು ನಿಮಿಷ. ಅಷ್ಟು ಹೊತ್ತು ಯಾವ ಜಿಲ್ಲೆಯವರೂ ಮಾತಾಡಲಿಲ್ಲ.

ಬಾಗಿಲು ತೆಗೆದದ್ದೇ ತಡ, ವ್ಯಾನು ಬಾಯಿಬಡಿದುಕೊಳ್ಳತೊಡಗಿತು. ಕೀ ಇಲ್ಲದೆ ತೆಗೆದವನು ಕಳ್ಳನೇ ಎಂಬುದು ಅದರ ನ್ಯಾಯ. ಹಾರನ್ನು, ಮಿಣಮಿಣ ದೀಪ. ಕೆರೆಯ ಬಾತುಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ನಿಲ್ಲಿಸಬೇಕಾದರೆ ಕೀ ಬೇಕು ಎಂದು ಹುಡುಗ ಕೂಗಿ ಹೇಳಿದ. ಕೀ ಹುಲ್ಲಿನಲ್ಲಿದೆ ಎಂದು ನಾನೂ ಕೂಗಿ ಹೇಳಿದೆ.

ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ಎದ್ದು ಬಂದಳು. ಒಳಗೆ ಬಗ್ಗಿ, ಸಂಡಿಗೆ ಡಬ್ಬಿ ಎತ್ತಿಕೊಂಡು, ಚಮಚದಿಂದ ಮೀಟಿದಳು. ಟಪ್. ಕರಿದ ಅರಳು ಸಂಡಿಗೆಯ ನಡುವಿನಿಂದ ಕಪ್ಪಗಿನದೊಂದನ್ನು ತೆಗೆದು, ಪುಡಿ ಊದಿ, ನನ್ನ ಮುಂದೆ ಹಿಡಿದಳು.

"ಈ ರಿಮೋಟಿನಲ್ಲಿ ನಿಲ್ಲುತ್ತೇನೋ ನೋಡು."

"ಅಮ್ಮಾ! ಎರಡು ಗಂಟೆಯಿಂದ ಇದನ್ನೇ ಕಣಮ್ಮ ಹುಡುಕ್ತಾ ಇದ್ದದ್ದು!"

"ಬೀಗದ ಕೈ ಹುಡುಕ್ತಿದೀವಿ ಅಂದ್ರಲ್ಲೋ ಎಲ್ರೂ? ಇದು ರಿಮೋಟು. ಪಾತ್ರೆ ಪಕ್ಕ ಬಿಸಾಕಿದ್ದೆ, ಕಳೆದುಹೋಗುತ್ತೆ ಅಂತ ಜೋಪಾನವಾಗಿ ಎತ್ತಿಟ್ಟೆ. ತಪ್ಪಾ?"

ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹ ಹೊದಿಸಿದ 12 ಅಡಿಯ ಚೌಕ ಪೆಟ್ಟಿಗೆ ಕಟ್ಟಿಸಿ, ತಾನೇ ಒಳಗೆ ಹೋಗಿ ಕೂತಿದ್ದ. ಹೊರಗೆ ವಿದ್ಯುತ್ತಿನ ಕಿಡಿ ಹಾರುತ್ತಿದ್ದರೂ ಒಳಗಿದ್ದ ಅವನ ಉಪಕರಣಗಳಿಗೆ ಅದರ ಸುಳಿವೇ ಸಿಗಲಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಮಾಡಿದ್ದೂ ಇದೇ ಕೆಲಸ. ಕಾರು ಕೂಗಿದೆ, ಸಂಡಿಗೆಯೊಳಗಿನ ಕೀಗೆ ಕೇಳಿಸಿಲ್ಲ. ಕೇಳಿ ಓಗೊಟ್ಟಿದ್ದರೂ ಆ ಓ ಹೊರಗೆ ಬಂದಿಲ್ಲ. ನನ್ನ ತರ್ಕದಲ್ಲಿ ಬಿರುಕಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಏಳು ಸಮುದ್ರದಾಚೆ ಗಿಣಿಯಲ್ಲಿ ರಾಕ್ಷಸನ ಪ್ರಾಣ ಇಡುವ ಕತೆಯನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದವಳು ಇದೇ ಅಮ್ಮ. ಆಗಲೇ ಎಚ್ಚರ ವಹಿಸಬೇಕಿತ್ತು.

ಊಟ ಮೂರೂಕಾಲಿಗಾಯಿತು. ಬಾತ್ ಇನ್ನೂ ಬೆಚ್ಚಗಿತ್ತು, ಮೊಸರನ್ನ ಹುಳಿಯಾಗಿತ್ತು. ಹುಡುಗನನ್ನೂ ಕೂಡಿಸಿ ಬಡಿಸಿದೆವು. ಅವನು ಸಂಡಿಗೆ ಎರಡನೇ ಸಲ ಹಾಕಿಸಿಕೊಂಡ. ಈಗಲೂ ನನ್ನ ಕೀ ಬಿಸಿಯಾದರೆ ಇಂಗಿನ ವಾಸನೆ ಬರುತ್ತದೆ.

ಈಚೆಗೆ ಕಳ್ಳರು ಮನೆಯ ಹೊರಗೆ ನಿಂತೇ ಒಳಗಿರುವ ಕೀಯ ಸಂಕೇತವನ್ನು ಯಂತ್ರದಲ್ಲಿ ಹಿಡಿದು, ಕಾರಿಗೆ ದಾಟಿಸಿ, ಓಡಿಸಿಕೊಂಡು ಹೋಗುವುದಿದೆ. ಅದಕ್ಕೆ ಕೀಯನ್ನು ಲೋಹದ ಡಬ್ಬಿಯಲ್ಲಿಡಿ ಎನ್ನುತ್ತಾರೆ ತಿಳಿದವರು. ವನಭೋಜನದಲ್ಲಿದ್ದ ಒಬ್ಬರಿಗೆ ಇದು ಥಟ್ಟನೆ ನೆನಪಾಗಿ, ರಾತ್ರಿ ಕೀ ಇಡಲು ಒಂದು ಡಬ್ಬಿ ಕೊಡಿ ಎಂದು ಅಮ್ಮನನ್ನು ಕೇಳಿದರು. ಖಾಲಿ ಡಬ್ಬಿ ಕೊಡಬಾರದೆಂದು ಅಮ್ಮ ಚಟ್ನಿಪುಡಿ ತುಂಬಿ ಕೊಟ್ಟಳು. ಮೂರು ತಿಂಗಳಾಯಿತು. ಚಟ್ನಿಪುಡಿ ಮುಗಿದಿರಬೇಕು. ಇಟ್ಟುಕೊಂಡಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ತಳದಲ್ಲಿ 'ಗೃಹಪ್ರವೇಶ 1994' ಎಂದಿದೆಯೇ ನೋಡಿ, ಈ ಶನಿವಾರದೊಳಗೆ ತಂದುಕೊಡಿ. ಭಾನುವಾರ ಅಮ್ಮ ಊರಿಗೆ ಹೊರಡುತ್ತಾಳೆ, ಏಳು ಡಬ್ಬಿಯ ಲೆಕ್ಕ ನನ್ನನ್ನು ಕೇಳುತ್ತಿದ್ದಾಳೆ.