ಮಾಸ್ತರರ ಮೂರು ಹಾಜರಿ

ಕೊರೊನಾದಿಂದ ಕಾಲೇಜು ಮುಚ್ಚಿದ್ದ 2020ರ ಅಕ್ಟೋಬರ್‌ನಲ್ಲಿ ಶಹಾಪುರದ ಇತಿಹಾಸದ ಮಾಸ್ತರರೊಬ್ಬರು ಮಾಳಿಗೆ ಹತ್ತಿದರು. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿದ್ದದ್ದು ದೇವರ ಜಗಲಿಯ ಮುಂದೆ ಮಾತ್ರ. ಅಲ್ಲಿ ಅವರವ್ವ ಜಾಗ ಬಿಡುತ್ತಿರಲಿಲ್ಲ. ಅಳಿಯನ ಹಳೇ ಲ್ಯಾಪ್‌ಟಾಪನ್ನು ನೀರಿನ ಟಾಕಿಗೆ ಒರಗಿಸಿ, ತಲೆಗೆ ಟವೆಲ್ ಸುತ್ತಿ, ಝೂಮ್‌ನಲ್ಲಿ ಬಿ.ಎ. ಕ್ಲಾಸು ಶುರು. (ಆ ಟವೆಲ್ ಈಗಲೂ ಈ ಲೇಖಕನ ಮನೆಯಲ್ಲೇ ಇದೆ, ಹೆಚ್ಚು ಕೇಳಬೇಡಿ.)

ಇವರು "ಕೇಳಸ್ತದೇನ್ರೋ?" ಅನ್ನುವುದು, ಅತ್ತಲಿಂದ ಹೆಬ್ಬೆರಳಿನ ಚಿತ್ರ ಬರುವುದು, ಆಮೇಲೆ ಮೌನ. 'ವಿದ್ಯಾರ್ಥಿಗಳಲ್ಲಿ ಪರಸ್ಪರ ಸಂವಾದ ಬೆಳೆಸತಕ್ಕದ್ದು' ಎಂದು ಮೇಲಿನಿಂದ ಸುತ್ತೋಲೆ ಬಂತು. ಫೋನೇ ಇಲ್ಲದವರು ಯಾರೊಡನೆ ಸಂವಾದಿಸತಕ್ಕದ್ದು ಎಂಬ ಸುತ್ತೋಲೆ ಬರಲಿಲ್ಲ. ಮಾಸ್ತರರು ಓದಲು ಕೂತರು. ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ 2000ದಲ್ಲೇ ಬರೆದಿಟ್ಟಿದ್ದರು: ಆನ್‌ಲೈನ್ ಕಲಿಕೆಯಲ್ಲಿ ಬೋಧನೆ, ಬುದ್ಧಿ, ಒಡನಾಟ ಮೂರೂ ಹಾಜರಿರಬೇಕು. ಒಂದು ಹಾಜರಿ ಹಿಡಿಯಲಿಕ್ಕೇ 15 ನಿಮಿಷ ಬೇಕಾದ ಮನುಷ್ಯ ಮೂರಕ್ಕೆ ಕೈಹಾಕಿದರು.

ಆಗಸ್ಟ್‌ನಿಂದ ಸರ್ಕಾರಿ ಶಾಲೆಯವರು 'ವಿದ್ಯಾಗಮ'ದಲ್ಲಿ ಗುಡಿಕಟ್ಟೆ, ಮರದ ನೆರಳು ಹುಡುಕಿ ಮಕ್ಕಳಿಗೆ ಕಲಿಸುತ್ತಿದ್ದದ್ದನ್ನು ಕಂಡು ಮಾಸ್ತರರಿಗೆ ಹೊಟ್ಟೆಕಿಚ್ಚಿತ್ತು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಸರಿ, ಕಟ್ಟೆಯನ್ನೇ ಝೂಮ್‌ಗೆ ತಂದರಾಯಿತು!

ಝೂಮ್‌ನಲ್ಲಿ ಕ್ಲಾಸನ್ನು ಕೋಣೆಕೋಣೆಯಾಗಿ ಒಡೆಯಬಹುದು. ಪ್ರಶ್ನೆ: 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಾಲಕ ರಾಜ ವೆಂಕಟಪ್ಪ ನಾಯಕನಿಗೆ ಪಾಲಕನೋ, ಕಾವಲುಗಾರನೋ? ಚರ್ಚಿಸಿರಿ. 24 ಮಂದಿ, ಆರು ಕೋಣೆ. ಗುಂಡಿ ಒತ್ತಿದರು. ಎಲ್ಲರೂ ತಂತಮ್ಮ ಕೋಣೆ ಸೇರಿದರು. ಟಿಪ್ಪಣಿ ಪುಸ್ತಕದಿಂದ ತಲೆಯೆತ್ತದ ಮಾಸ್ತರರು ಮಾತ್ರ ಪಾಠ ಮುಂದುವರಿಸಿದರು. ಒಂಬತ್ತು ನಿಮಿಷ. ಪ್ರಶ್ನೆ ಕೇಳಿದರು, ತಾವೇ ಉತ್ತರಿಸಿದರು, ಹಿಂದಿನ ಬೆಂಚಿನವರನ್ನು ಗದರಿಸಿದರು. ನಕ್ಕರು ಕೂಡ. ಇವತ್ತು ಎಂಥ ಶಿಸ್ತು ಎಂದು ಎದೆಯುಬ್ಬಿತು. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಕೆ ಕೇಳಿದಳು: "ಸರ್, ಯಾರ ಜೋಡಿ ಮಾತಾಡ್ಲಿಕತ್ತೀರಿ?"

ಪರದೆಯಲ್ಲಿ ಟವೆಲ್ ಸುತ್ತಿದ ಒಂದೇ ತಲೆ.

ಕೋಣೆ ಹೊಕ್ಕು ನೋಡಿದರು. ಒಂದರಲ್ಲಿ ಮೌನ, ಎರಡರಲ್ಲಿ ಮೌನ. ಮೂರನೆಯದರಲ್ಲಿ ಪಟ್, ಪಟ್, ಪಟ್. ಬೇಸತ್ತು ಎಲ್ಲರನ್ನೂ ಹೊರಗೆಳೆದರು; ಸದ್ದೂ ಜೊತೆಗೇ ಬಂತು.

"ಯಾರ ಮನ್ಯಾಗಲೇ ರೊಟ್ಟಿ ಬಡಿಲಿಕತ್ತದ್ದು?"

ಮೈಕುಗಳು ಒಂದೊಂದಾಗಿ ಬಾಯಿಬಿಟ್ಟವು. ರೊಟ್ಟಿ ಜೊತೆಗೆ ಪುಂಡಿಪಲ್ಯವೋ ಶೇಂಗಾ ಹಿಂಡಿಯೋ ಎಂದು ಯಾದಗಿರಿ, ಸುರಪುರ ಎರಡು ಪಕ್ಷವಾದವು. ಸುತ್ತೋಲೆಯವರು ಕೇಳಿದ್ದರೆ ಕುಣಿದಾಡುತ್ತಿದ್ದರು.

"ನಮ್ಮವ್ವರಿ ಸರ್," ಅಂದ ಒಬ್ಬ. "ಬಿಲ್ಡಿಂಗ್ ಕೆಲ್ಸಕ್ಕ ಬೆಂಗಳೂರಿಗೆ ಬಂದೇವ್ರಿ. ಶೆಡ್‌ನ್ಯಾಗ ಒಂದೇ ಖೋಲಿ. ಫೋನ್ ಅಪ್ಪಂದು, ಇವತ್ತ ರಜಾ ಅಂತ ಸಿಕ್ತು."

ಮಾಸ್ತರರ ಪುಸ್ತಕದಲ್ಲಿ ಆ ಹೆಸರಿನ ಮುಂದೆ ತಿಂಗಳಿಂದ ಗೈರುಹಾಜರಿ. ಸ್ವಲ್ಪ ಹೊತ್ತು ರೊಟ್ಟಿಯ ಸದ್ದೊಂದೇ ಕೇಳಿಸಿತು.

ಆಗ ಸುರಪುರದ ಹುಡುಗಿ ಬಾಯಿ ತೆರೆದಳು: "ಸರ್, ಆ ರಾಜಾ ಟೇಲರ್‌ಗ 'ಅಪ್ಪಾ' ಅಂತಿದ್ನಂತ್ರಿ. ನಮ್ಮ ಮಾಳಗಿ ಮ್ಯಾಲಿಂದ ಅವ್ನ ಬಂಗ್ಲೆ ಟೇಲರ್ ಮಂಜಿಲ್ ಕಾಣಸ್ತದ. ಅದನ್ನ ನೋಡಿ ನಮ್ಮಜ್ಜ ಏನಂತಾನಂದ್ರ..."

ಪುಕ್ಕಟೆ ಝೂಮ್‌ನ 40 ನಿಮಿಷ ಮುಗಿಯಿತು.

'ಅಜ್ಜ ಏನಂತಾನ?' ಎಂದು ಮಾಸ್ತರರು ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರು. ಬೆಂಗಳೂರಿನದೊಂದು ಬಿಟ್ಟು, 23 ಹೆಬ್ಬೆರಳು ಬಂದವು.