ಅಂಡಮಾನಪ್ಪ

ಕೇಂದ್ರ ಸರ್ಕಾರಿ ನೌಕರರ ರಜಾ ಪ್ರಯಾಣ ರಿಯಾಯಿತಿಯ (ಎಲ್‌ಟಿಸಿ) ನಿಯಮಗಳಲ್ಲಿ ಒಂದು ಸೊಗಸಾದ ಸವಲತ್ತು ಉಂಟು. ಸ್ವಂತ ಊರಿಗೆ ಹೋಗಿಬರಲು ಸಿಗುವ ಸರದಿಯೊಂದನ್ನು ನೌಕರ ಬಿಟ್ಟುಕೊಟ್ಟರೆ, ಅದರ ಬದಲಿಗೆ ಈಶಾನ್ಯ ರಾಜ್ಯಗಳಿಗೋ ಜಮ್ಮು–ಕಾಶ್ಮೀರಕ್ಕೋ ಅಂಡಮಾನಿಗೋ ಹೆಂಡತಿ ಮಕ್ಕಳೊಡನೆ ವಿಮಾನದಲ್ಲೇ ಹೋಗಿಬರಬಹುದು. ಮೈಸೂರಿನಲ್ಲಿ ಕೆಲಸಕ್ಕಿದ್ದು, ಸರ್ವಿಸ್ ರಿಜಿಸ್ಟರಿನಲ್ಲಿ ಸ್ವಂತ ಊರು ಹಂಗಳ, ಗುಂಡ್ಲುಪೇಟೆ ತಾಲ್ಲೂಕು ಎಂದು ಬರೆಸಿರುವ ಗೃಹಸ್ಥನಿಗೆ ಇದರ ಅರ್ಥ ಸರಳ: ಹಂಗಳ ಕೊಟ್ಟರೆ ಅಂಡಮಾನ್ ಕೊಡುತ್ತಾರೆ. ಹಂಗಳವಾದರೋ ಊಟಿ ರಸ್ತೆಯಲ್ಲಿ ಮೈಸೂರಿಗೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ರಾಗಿ, ತೆಂಗಿನಕಾಯಿ ತರಲು ತಿಂಗಳಿಗೆರಡು ಸಲ ಹೇಗೂ ಹೋಗುವ ಊರು. ಆ ಬಸ್ ಚಾರ್ಜಿಗೆ ಬಿಲ್ ಬರೆದರೆ ಪಾಸು ಮಾಡುವ ಗುಮಾಸ್ತನಿಗೇ ನಾಚಿಕೆಯಾದೀತು. ಹೀಗಾಗಿ, ಮದುವೆಯಾಗಿ ಮೂರ್ನಾಲ್ಕು ವರ್ಷ ಕಳೆದು, ಮನೆಯಲ್ಲೊಂದು ಮಗು ತೆವಳಿ, ನಿಂತು, ಓಡಲು ಶುರುಮಾಡುವ ಹೊತ್ತಿಗೆ ಅವನು ಅಂಡಮಾನಪ್ಪನಾಗುತ್ತಾನೆ. ಆತುರಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ವರ್ಷ ತುಂಬದ ಮಗು ವಿಮಾನದಲ್ಲಿ ದೊಡ್ಡವರ ತೊಡೆಯ ಮೇಲೆ ಕೂರಬಹುದು; ತುಂಬಿದ ದಿನದಿಂದ ಅದಕ್ಕೂ ಒಂದು ಸೀಟು, ಸೀಟಿಗೆ ಕಾಸು. ಸ್ವಂತ ಮಗುವಿನ ಎರಡನೆಯ ಹುಟ್ಟುಹಬ್ಬಕ್ಕೆ ಇಷ್ಟು ಹೆದರುವ ತಂದೆ ಬೇರೆ ಸಿಗಲಾರ.

ಇವನ ವಿಷಯದಲ್ಲಿ ನನ್ನ ವಾದ ಒಂದೇ. ಅಂಡಮಾನಪ್ಪ ಹಂಗಳವನ್ನು ಬಿಟ್ಟುಕೊಟ್ಟದ್ದು ಅರ್ಜಿಯಲ್ಲಿ ಮಾತ್ರ. ಹೋದಲ್ಲೆಲ್ಲ ಅವನು ಹಂಗಳವನ್ನೇ ಹೂಡುತ್ತಾನೆ, ಹೂಡಲೇಬೇಕು, ಏಕೆಂದರೆ ಜೊತೆಯಲ್ಲಿ ಮಗುವಿದೆ. ಮೊದಲ ಸಾಕ್ಷಿ ನಕಾಶೆಯಲ್ಲೇ ಸಿಗುತ್ತದೆ. ಹಂಗಳ ಇರುವುದು ಉತ್ತರ ಅಕ್ಷಾಂಶ ಸುಮಾರು 11.7 ಡಿಗ್ರಿಯಲ್ಲಿ. 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಪೋರ್ಟ್ ಬ್ಲೇರ್ ಇರುವುದೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ. ಹಂಗಳದ ಬಸ್ ಸ್ಟಾಪಿನಿಂದ ಮೂಗಿನ ನೇರಕ್ಕೆ ಪೂರ್ವಕ್ಕೆ ಹೊರಟರೆ, ನಡುವೆ ತಮಿಳುನಾಡೂ ಬಂಗಾಳಕೊಲ್ಲಿಯೂ ಅಡ್ಡ ಬರುತ್ತವೆ ಎಂಬುದನ್ನು ಬಿಟ್ಟರೆ, ಸುಮಾರು 1,700 ಕಿಲೋಮೀಟರ್ ಆದಮೇಲೆ ಸಿಗುವುದು ಅಂಡಮಾನೇ. ಉಷ್ಣವಲಯದ ದ್ವೀಪದಲ್ಲಿ ರಜೆ ಕಳೆಯುವ ಆಸೆ ವರ್ಷದ ಅರ್ಧ ಬಿಸಿಲು ಕಾಣದ ಚಳಿದೇಶದವರದು. ಅವರಿಗೆ ಅದು ನ್ಯಾಯ. ಹುಟ್ಟಿದಂದಿನಿಂದ ಉಷ್ಣವಲಯದಲ್ಲೇ ಇದ್ದು, ತಲೆಗೆ ಟವೆಲು ಸುತ್ತಿ ಹೊಲ ದಾಟಿ ಬೆಳೆದವನಿಗೆ ಇದೆಲ್ಲಿಂದ ಅಂಟಿತೋ. ನಿಜ ನೋಡಿದರೆ ಹಂಗಳ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ, ಬೆನ್ನಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ತಂಪು ಇಲ್ಲೇ ಹೆಚ್ಚು. ಅವನು ಗಾಳಿಯನ್ನು ಬಿಟ್ಟು ಬೆವರಿಗೆ ಟಿಕೆಟ್ ತೆಗೆಸಿದ್ದಾನೆ.

ಎರಡನೆಯ ಸಾಕ್ಷಿ ಬ್ಯಾಗು. ವಿಮಾನದಲ್ಲಿ ತಲೆಗೆ ಹದಿನೈದು ಕೆ.ಜಿ. ಎಂದರೆ, ತೊಡೆಯ ಮೇಲೆ ಕೂರುವ ತಲೆಗೆ ಸಾಮಾನ್ಯವಾಗಿ ಏನೂ ಇಲ್ಲ. ಆದರೆ ಇಬ್ಬರ ಮೂವತ್ತು ಕೆ.ಜಿ.ಯಲ್ಲಿ ಇಪ್ಪತ್ತು ಮಗುವಿನದೇ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ರಾಗಿ ಹಿಟ್ಟು, ಸರಿ ಕಾಯಿಸಲು ಒಂದು ಪುಟ್ಟ ಕರೆಂಟ್ ಕುಕ್ಕರು, ತುಪ್ಪದ ಡಬ್ಬಿ, ಸಾರಿನ ಪುಡಿ, ಅವಲಕ್ಕಿ, ತೇದು ನೆಕ್ಕಿಸಲು ಬಜೆ, ದೃಷ್ಟಿಬೊಟ್ಟಿಗೆ ಕಾಡಿಗೆ, ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ. ಹೋಟೆಲಿನ ರೂಮಿನಲ್ಲಿ ಮೆಣಸಿನಕಾಯಿ ಸುಟ್ಟರೆ ಬೆಂಕಿ ಅಲಾರಮ್ ಹೊಡೆದುಕೊಳ್ಳುತ್ತದೆ ಎಂಬ ಆಕ್ಷೇಪ ಬಂದಾಗ, ನೀವಾಳಿಸಿ ಸಮುದ್ರಕ್ಕೆ ಎಸೆದರಾಯಿತು ಎಂಬ ತೀರ್ಮಾನವಾಗುತ್ತದೆ. ಮೇಲೆ ನಾಲ್ಕು ನಿಂಬೆಹಣ್ಣು. ಕಲ್ಲಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಮೂಗಿನ ಹತ್ತಿರ ನಿಂಬೆಹಣ್ಣು ಹಿಡಿದೇ ದಾಟಿದ ಪೈಕಿ ಇದು. ಸ್ವರಾಜ್ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಅಲೆ ಎದ್ದಾಗ ಮಗು ಅಮ್ಮನ ಹೆಗಲ ಮೇಲೆ ಸುಖವಾಗಿ ನಿದ್ದೆ ಮಾಡುತ್ತದೆ; ನಿಂಬೆಹಣ್ಣು ಮೂಸುವವನು ಅಂಡಮಾನಪ್ಪ. ಭಾಷೆಯಲ್ಲೂ ಅವನಿಗೆ ಊರೇ ಒದಗುತ್ತದೆ. ಮೂರು ರಾಜ್ಯಗಳ ಗಡಿಯಲ್ಲಿ, ಊಟಿ ಲಾರಿಗಳ ನಡುವೆ ಕಿವಿಗೆ ಬಿದ್ದ ತಮಿಳು, ತಮಿಳರು ಬೇಕಾದಷ್ಟಿರುವ ಪೋರ್ಟ್ ಬ್ಲೇರಿನಲ್ಲಿ ಹಿಂದಿಗಿಂತ ಬೇಗ ಬಿಸಿನೀರು ತಂದುಕೊಡುತ್ತದೆ.

ದ್ವೀಪ ಮುಟ್ಟಿದ ಮೇಲಿನ ಸಾಕ್ಷಿಗಳಂತೂ ನನ್ನ ವಾದಕ್ಕೆಂದೇ ಯಾರೋ ಇಟ್ಟುಹೋದ ಹಾಗಿವೆ. ಪೋರ್ಟ್ ಬ್ಲೇರಿನಿಂದ ದೋಣಿಯಲ್ಲಿ ರಾಸ್ ದ್ವೀಪಕ್ಕೆ ಹೋಗುತ್ತಾರೆ; 2018ರಿಂದ ಅದು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. ಅಲ್ಲಿ ಬ್ರಿಟಿಷರ ಪಾಳು ಕಟ್ಟಡಗಳಿವೆ, ಬೇರುಗಳು ಗೋಡೆಯನ್ನು ಅಪ್ಪಿ ನಿಂತಿವೆ, ಇತಿಹಾಸವಿದೆ. ಅಂಡಮಾನಪ್ಪ ಮತ್ತು ಅವನ ಮಗು ಅದಾವುದನ್ನೂ ನೋಡುವುದಿಲ್ಲ, ಏಕೆಂದರೆ ಅಲ್ಲಿ ಜಿಂಕೆಗಳಿವೆ. ಬ್ರಿಟಿಷರು ಮುಖ್ಯಭೂಮಿಯಿಂದ ತಂದು ಬಿಟ್ಟ ಚುಕ್ಕೆ ಜಿಂಕೆಗಳು, ಬಂಡೀಪುರದಲ್ಲಿ ರಸ್ತೆಯ ಅಂಚಿಗೇ ಬಂದು ಮೇಯುವ ಅದೇ ಜಾತಿ. ಹಂಗಳದಿಂದ ಹತ್ತು ನಿಮಿಷ ಬಸ್ಸಿನಲ್ಲಿ ಹೋದರೆ ಕಿಟಕಿಯಲ್ಲೇ ಕಾಣುವ ಪ್ರಾಣಿಯ ಎಂಬತ್ತು ಫೋಟೋಗಳನ್ನು ಅವನು ಕಡಲಾಚೆ ಬಂದು ತೆಗೆಯುತ್ತಾನೆ. ಮಾರನೆಯ ದಿನದ ಕಾರ್ಯಕ್ರಮ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್. ಮರದ ದಿಮ್ಮಿ ಎಳೆಯಲು ಅಂಡಮಾನಿಗೆ ಆನೆಗಳನ್ನು ಸಾಗಿಸಿದ್ದರು; ಅವುಗಳಲ್ಲಿ ರಾಜನ್ ಎಂಬುದು ಸಮುದ್ರದಲ್ಲಿ ಈಜಿ ಜಗತ್ತಿಗೆಲ್ಲ ಹೆಸರಾಗಿ 2016ರಲ್ಲಿ ತೀರಿಕೊಂಡಿತು. ಆನೆ ಹೊಲಕ್ಕೆ ಇಳಿಯದಿರಲೆಂದು ಕಂದಕ ತೋಡಿ, ಸೋಲಾರ್ ಬೇಲಿ ಹಾಕಿ, ಅಟ್ಟಣೆಯ ಮೇಲೆ ರಾತ್ರಿಯಿಡೀ ತಮಟೆ ಬಡಿಯುವ ಸೀಮೆಯಿಂದ ಬಂದವನು ಈಗ ಆನೆಯಿಲ್ಲದ ಆನೆ ಬೀಚಿಗೆ ದೋಣಿ ಚಾರ್ಜು ಕೊಟ್ಟು ಹೋಗುತ್ತಾನೆ. ಅಲ್ಲಿ ಆನೆ ಎಲ್ಲಿ ಎಂದು ಮಗು ಸಂಜೆಯವರೆಗೆ ಕೇಳುತ್ತದೆ. ಈ ಪ್ರವಾಸದಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ಜಿಂಕೆ, ಆನೆ, ತೆಂಗು ಹಂಗಳದಲ್ಲೂ ಇರಬಹುದು, ಸಮುದ್ರ ಇಲ್ಲವಲ್ಲ? ಒಪ್ಪತಕ್ಕ ಮಾತು. ಸ್ವರಾಜ್ ದ್ವೀಪದ ರಾಧಾನಗರ ಬೀಚನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಉತ್ತಮ ಎಂದು ಹೊಗಳಿತ್ತು. ಹಂಗಳದ ಕೆರೆಯನ್ನು ಯಾವ ಪತ್ರಿಕೆಯೂ ಹೊಗಳಿಲ್ಲ. ಆದರೆ ಕೇಳಬೇಕಾದದ್ದು ಸಮುದ್ರ ಇದೆಯೇ ಎಂದಲ್ಲ, ಒಂದೂಮುಕ್ಕಾಲು ವರ್ಷದ ಮಗುವಿಗೆ ಸಮುದ್ರ ಬೇಕೇ ಎಂದು. ಮೊದಲ ಅಲೆ ಪಾದಕ್ಕೆ ತಾಗುತ್ತಲೇ ಅದು ಅಪ್ಪನ ಕಾಲಿಗೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ, ಕಿರುಚುತ್ತದೆ, ಆಮೇಲೆ ನೀರಿಗೆ ಬೆನ್ನು ಹಾಕಿ ಮರಳಿನಲ್ಲಿ ಕೂತು ಎರಡು ಗಂಟೆ ಏಳುವುದಿಲ್ಲ. ಹಂಗಳದಲ್ಲಿ ಮನೆ ಕಟ್ಟಿಸುವವರ ಮುಂದಿನ ಮರಳು ಗುಡ್ಡೆಯಲ್ಲಿ ಮಾಡುವುದನ್ನೇ ಅಲ್ಲೂ ಮಾಡುತ್ತದೆ: ತುಂಬುವುದು, ಸುರಿಯುವುದು, ಸ್ವಲ್ಪ ಬಾಯಿಗೆ ಹಾಕಿಕೊಳ್ಳುವುದು. ಅಂಡಮಾನಪ್ಪ ಮಾತ್ರ ಅದರ ತಲೆಗೆ ಬಿಸಿಲಿನ ಟೋಪಿ ಇಡುವುದರಲ್ಲೇ ತನ್ನ ಸಮುದ್ರವನ್ನು ಕಳೆದುಕೊಳ್ಳುತ್ತಾನೆ. ಇವನು ಇಡುತ್ತಾನೆ, ಅದು ಕಿತ್ತು ಎಸೆಯುತ್ತದೆ, ಅಲೆ ಒಯ್ಯುತ್ತದೆ, ಇವನು ಓಡುತ್ತಾನೆ. ಹೊರಡುವ ದಿನ ಮಗುವಿನ ಮುಷ್ಟಿಯಲ್ಲಿ ಎರಡು ಕಪ್ಪೆಚಿಪ್ಪು. ಚಿಪ್ಪನ್ನೂ ಹವಳದ ಚೂರನ್ನೂ ಅನುಮತಿಯಿಲ್ಲದೆ ಅಲ್ಲಿಂದ ಹೊರಗೆ ಒಯ್ಯುವಂತಿಲ್ಲ ಎಂಬ ಕಾನೂನನ್ನು ಅಂಥ ಮುಷ್ಟಿಗೆ ವಿವರಿಸಲು ವಿಮಾನ ನಿಲ್ದಾಣದಲ್ಲಿ ಯಾವ ಅಧಿಕಾರಿಗೂ ಸಾಧ್ಯವಾಗದು.

ಸೂರ್ಯನೂ ಅಂಡಮಾನಪ್ಪನ ಪಕ್ಷದಲ್ಲಿಲ್ಲ. ಭಾರತಕ್ಕೆಲ್ಲ ಒಂದೇ ಗಡಿಯಾರ. ಅಂಡಮಾನ್ ಮಾತ್ರ ಹಂಗಳಕ್ಕಿಂತ ಹದಿನಾರು ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ಅಲ್ಲಿ ಹೊತ್ತು ಒಂದು ಗಂಟೆಗೂ ಮೊದಲೇ ಮೂಡುತ್ತದೆ. ಬೇಸಿಗೆಯಲ್ಲಿ ಬೆಳಗಿನ ಐದಕ್ಕೆಲ್ಲ ರೂಮಿಗೆ ಬಿಸಿಲು, ಬಿಸಿಲಿಗೆ ಮಗು, ಮಗುವಿಗೆ ಮನೆಮಂದಿಯೆಲ್ಲ ಏಳುತ್ತಾರೆ. ಸಂಜೆ ಆರರೊಳಗೆ ಕತ್ತಲು, ಏಳಕ್ಕೆ ಮಗುವಿಗೆ ನಿದ್ದೆ. ಆಮೇಲಿನ ಉಷ್ಣವಲಯದ ರಾತ್ರಿಯನ್ನು, ಜಾಹೀರಾತಿನಲ್ಲಿ ದೀಪ, ಹಾಡು, ಕಡಲ ಗಾಳಿ ಎಂದೆಲ್ಲ ತೋರಿಸುವ ಆ ರಾತ್ರಿಯನ್ನು, ಗಂಡ ಹೆಂಡತಿ ಲೈಟು ಆರಿಸಿದ ರೂಮಿನಲ್ಲಿ ಬಚ್ಚಲುಮನೆಯ ಬಾಗಿಲ ಸಂದಿನ ಬೆಳಕಿನಲ್ಲಿ ಕಳೆಯುತ್ತಾರೆ. ಚಿಪ್ಸ್ ಪ್ಯಾಕೆಟ್ಟು ಸದ್ದು ಮಾಡದಂತೆ ಒಡೆಯುವುದು ಹೇಗೆಂದು ಇವರಿಂದ ಕಲಿಯಬೇಕು. ಅಷ್ಟರಲ್ಲಿ ಫೋನು ಗುಯ್‌ಗುಟ್ಟುತ್ತದೆ. 2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಅಂಡಮಾನಿಗೆ ಸುಮಾರು 2,300 ಕಿಲೋಮೀಟರ್ ಉದ್ದದ ಕೇಬಲನ್ನು ಸಮುದ್ರದ ತಳದಲ್ಲಿ ಹಾಸಿ ಉದ್ಘಾಟಿಸಿದರಲ್ಲ, ಆ ಕೇಬಲಿನಲ್ಲಿ ಹಾದು ಬರುವುದು ಹಂಗಳದ ಅಜ್ಜಿಯ ಪ್ರಶ್ನೆ: "ಕೂಸು ಉಂಡ್ತಾ?"

ಹೇಗೂ ರಜೆಯಲ್ಲವೇ, ವಿಶ್ರಾಂತಿಯಾದರೂ ಸಿಕ್ಕಿತಲ್ಲ ಎನ್ನುವವರು ಯಾರಿಗೆ ಎಂದು ಹೇಳಬೇಕು. ಅಂಡಮಾನಪ್ಪ ಹೊರಡುವ ಮುನ್ನ ಪಟ್ಟಿ ಮಾಡಿದ್ದ, ಹೋಟೆಲಿನ ಬಗ್ಗೆ ನೂರಾರು ಜನರ ಅಭಿಪ್ರಾಯ ಓದಿದ್ದ, ಹಡಗಿನ ಟಿಕೆಟ್ ಕಾದಿರಿಸಿದ್ದ. ಅವನ ಕೆಲಸ ಅಲ್ಲಿಗೆ ಮುಗಿಯಿತು; ದ್ವೀಪಕ್ಕೆ ಬಂದಮೇಲೆ ಅವನು ಪ್ರವಾಸಿ. ಅವನ ಹೆಂಡತಿಗೆ ಕೆಲಸ ಶುರುವಾದದ್ದೇ ಅಲ್ಲಿ. ಮನೆಯಲ್ಲಿ ಅತ್ತೆಯೋ ತಾಯಿಯೋ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುತ್ತಿದ್ದರು, ಅಡುಗೆಮನೆ ಕೈಗೆ ಎಟಕುತ್ತಿತ್ತು, ಒಗೆದ ಚಡ್ಡಿ ಒಣಗಲು ತಂತಿ ಇತ್ತು. ಇಲ್ಲಿ ಒಗೆದದ್ದು ಉಪ್ಪುಗಾಳಿಗೆ ಒಣಗುವುದಿಲ್ಲ, ಹೋಟೆಲಿನವರು ಮೆತ್ತಗಿನ ಅನ್ನ ಎಂದರೆ ಫ್ರೈಡ್ ರೈಸ್ ತರುತ್ತಾರೆ, ಮಗು ರಾಗಿ ಸರಿ ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಕರೆಂಟ್ ಕುಕ್ಕರಿನ ಮುಂದೆ ಕೂತು ಅವಳು ಸರಿ ತಿರುವುವಾಗ ಕಿಟಕಿಯಾಚೆ ಕಡಲು ನೀಲಿಯಾಗಿ, ಹಸಿರಾಗಿ, ಮತ್ತೆ ನೀಲಿಯಾಗಿ ಬಣ್ಣ ಬದಲಿಸುತ್ತದೆ. ಕ್ಷಮಿಸಬೇಕು, ಹಾಸ್ಯಕ್ಕೆಂದು ಹೊರಟ ಲೇಖನದಲ್ಲಿ ಈ ಪ್ಯಾರಾ ಅಷ್ಟು ನಗಿಸಲಾರದು. ಆದರೆ ಹಂಗಳವನ್ನು ದ್ವೀಪದಲ್ಲಿ ಹೂಡುವ ಕೆಲಸ ಯಾರ ಕೈಯಿಂದ ನಡೆಯುತ್ತದೆ ಎಂಬುದನ್ನು ಬಿಟ್ಟು ವಾದ ಮಾಡಿದರೆ ಅದು ಅಂಡಮಾನಪ್ಪನ ವಾದವಾದೀತು.

ಕೊನೆಯ ಆಕ್ಷೇಪ ಹಂಗಳದಿಂದಲೇ ಬಂದದ್ದು. "ಅಲ್ಲ ಕನ ಮಗ, ಮಾದಪ್ಪನ ಬೆಟ್ಟಕ ಮುಡಿ ಕೊಡದೇ ಬಾಕಿ ಅದ, ನೀ ಕೂಸ ಸಮುದ್ರ ದಾಟ್ಸಕ ಹೊಂಟಿದ್ದಿಯಲ್ಲ. ಅದ್ಕೇನ್ ನೆಪ್ಪಿದ್ದದಾ?" ಎಂದು ಅಜ್ಜಿ ಕೇಳುತ್ತಾಳೆ. ನೆನಪಿನ ಮಾತು ಹೌದು. ಎರಡು ತುಂಬದ ಮಗುವಿಗೆ ಅಂಡಮಾನ್ ನೆನಪಿರುವುದಿಲ್ಲ. ಆದರೆ ಅದೇ ಮಾತನ್ನು ಅಜ್ಜಿಗೂ ಹಿಂದಿರುಗಿಸಬಹುದು. ಮುಡಿ ಕೊಟ್ಟದ್ದು ಯಾವ ಮಗುವಿಗೆ ನೆನಪಿದೆ? ಕ್ಷೌರಿಕನ ಮುಂದೆ ಅತ್ತದ್ದು, ತಲೆಗೆ ಗಂಧ ಬಳಿದದ್ದು, ಬಸ್ಸಿನಲ್ಲಿ ವಾಂತಿ ಮಾಡಿದ್ದು ಎಲ್ಲವೂ ಹೆತ್ತವರ ನೆನಪು. ಸೂಕ್ಷ್ಮವಾಗಿ ನೋಡಿದರೆ ಅಂಡಮಾನಪ್ಪನ ಪ್ರವಾಸವೂ ಒಂದು ಹರಕೆಯೇ. ಇಂತಿಷ್ಟು ವಯಸ್ಸಿನೊಳಗೆ ತೀರಿಸಬೇಕು. ಸಾಲ ಮಾಡಿಯಾದರೂ ಹೋಗಬೇಕು. ಮಗುವಿಗೆ ಅಲ್ಲಿ ಇಷ್ಟವಾಗದ ಏನನ್ನೋ ಮಾಡಿಸಬೇಕು. ಅದು ಅಳುವಾಗ ಫೋಟೋ ತೆಗೆಯಬೇಕು. ಬರುವಾಗ ಕಚೇರಿಯವರಿಗೆಲ್ಲ ಪ್ರಸಾದ ತರಬೇಕು, ಅದು ಕಲ್ಲುಸಕ್ಕರೆಯಾಗದೆ ಕೀ ಬಂಚಾಗಿರುತ್ತದೆ ಅಷ್ಟೆ. ಹೀಗೆಂದು ಅಜ್ಜಿಗೆ ವಿವರಿಸಿದರೆ ಅವಳು ಒಪ್ಪಿಯೇಬಿಟ್ಟಾಳು, ಒಂದು ಷರತ್ತಿನ ಮೇಲೆ: ಬಂದ ವಾರವೇ ಬೆಟ್ಟಕ್ಕೆ ಹೋಗತಕ್ಕದ್ದು. ಹೋಗುತ್ತಾರೆ. ಬೋಳಿಸಿದ ತಲೆಗೆ ಬಿಸಿಲು ಚುರುಗುಟ್ಟುವಾಗ, ಬೀಚಿನಲ್ಲಿ ಒಮ್ಮೆಯೂ ನಿಲ್ಲದ ಟೋಪಿ ಮಾದಪ್ಪನ ಸನ್ನಿಧಿಯಲ್ಲಿ ಮೊದಲ ಸಲ ತಲೆಯ ಮೇಲೆ ನಿಲ್ಲುತ್ತದೆ.

ಹಾಗಾದರೆ ಅಂಡಮಾನಪ್ಪ ಮೂರ್ಖನೋ ಎಂದರೆ ನಾನು ಹಾಗೆ ಹೇಳಲಾರೆ, ಏಕೆಂದರೆ ಹಂಗಳದ ರಸ್ತೆಯ ಬದಿಯಲ್ಲೇ ಇದರ ಇನ್ನೊಂದು ಮಗ್ಗುಲಿನ ಸಾಕ್ಷಿಯಿದೆ. ಮಳೆಗಾಲದಲ್ಲಿ, ಜುಲೈ–ಆಗಸ್ಟ್ ಹೊತ್ತಿಗೆ, ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವು ಅರಳುತ್ತವೆ. ಬಣ್ಣ ತೆಗೆಯುವ ಕಂಪನಿಗಳಿಗೆ ಕರಾರಿನ ಮೇಲೆ ಬೆಳೆದ ಚೆಂಡುಹೂವು. ರೈತನಿಗೆ ಅದು ಕೆ.ಜಿ. ಲೆಕ್ಕದ ಬೆಳೆ. ಅದನ್ನು ನೋಡಲು ಕೇರಳದಿಂದ ಕಾರುಗಳ ಸಾಲು ಬರುತ್ತದೆ. ಮನೆಯ ಹಿಂದೆ ಸಮುದ್ರ, ಮುಂದೆ ಹಿನ್ನೀರು, ತಲೆಯ ಮೇಲೆ ತೆಂಗು ಇರುವವರು, ರಾತ್ರಿ ಒಂಬತ್ತಕ್ಕೆ ಕಾಡಿನ ರಸ್ತೆ ಮುಚ್ಚುತ್ತಾರೆಂಬ ಅವಸರದಲ್ಲೇ, ಒಂದೂವರೆ ವರ್ಷದ ಕೂಸನ್ನು ಹೂವಿನ ಸಾಲಿನ ನಡುವೆ ನಿಲ್ಲಿಸುತ್ತಾರೆ. ಫೋಟೋಗೆ ಇಷ್ಟು ಎಂದು ಕಾಸು ಕೇಳುವ ಹೊಲದವರೂ ಇದ್ದಾರೆ. ಕೂಸು ಹೂವನ್ನು ನೋಡುವುದಿಲ್ಲ. ಜೇನಿಗೆ ಹೆದರಿ ಅಳುತ್ತದೆ, ಆಮೇಲೆ ಬದುವಿನಲ್ಲಿ ಕೂತು ಮಣ್ಣು ತುಂಬಿ ಸುರಿಯುತ್ತದೆ. ಅದರ ಅಮ್ಮ ಎದುರಿನ ಟೀ ಅಂಗಡಿಗೆ ಬಂದು, ಅಂಡಮಾನಪ್ಪ ಪೋರ್ಟ್ ಬ್ಲೇರಿನಲ್ಲಿ ಆಡಿದಂಥದೇ ಹರುಕು ತಮಿಳಿನಲ್ಲಿ, ಫ್ಲಾಸ್ಕಿಗೆ ಬಿಸಿನೀರು ಕೇಳುತ್ತಾಳೆ. ಅಂಗಡಿಯವನು ಕೊಡುತ್ತಾನೆ. ಅದಕ್ಕೆ ಕಾಸಿಲ್ಲ.